ಮಲಗದ ಕಾಯಿಲೆ

ಇಪ್ಪತ್ತನಾಲ್ಕು ತಾಸು ಮಲಗಿದರೆ ಮಾತ್ರ
ನನ್ನ ಕಾಯಿಲೆ ಕಾಯಿಲೆ.
ಪಾಲಿಸಿಯ ಹನ್ನೊಂದನೆಯ ಪುಟದಲ್ಲಿ ಹಾಗಂತ ಇದೆ,
ಇರುವೆ ಗಾತ್ರದ ಅಕ್ಷರದಲ್ಲಿ.

ನನ್ನದೋ ಮಲಗುವ ಜಾತಿಯದಲ್ಲ.
ಬೆಳಿಗ್ಗೆ ನನಗಿಂತ ಮೊದಲೇ ಎದ್ದು
ಬೆರಳ ಗಂಟುಗಳಲ್ಲಿ ಕೂತಿರುತ್ತದೆ.
ಎಂಟು ಹನ್ನೆರಡರ ಸ್ಲೋ ಲೋಕಲಿಗೆ
ಡೊಂಬಿವಲಿಯಲ್ಲಿ ನನ್ನೊಡನೆ ಹತ್ತುತ್ತದೆ,
ಮೇಲಿನ ಹಿಡಿಕೆ ಹಿಡಿಯಲು ಬಿಡದೆ
ಯಾರದೋ ಬೆನ್ನಿಗೆ ನನ್ನನ್ನು ಆನಿಸಿ
ಘಾಟ್‌ಕೋಪರ್‌ವರೆಗೆ ನಿಂತೇ ಬರುತ್ತದೆ.

ಆಫೀಸು ಕೊಟ್ಟ ಕಾರ್ಡಿನಲ್ಲಿ
ವಾರಿಜ ಎಂಬ ನಾನು ವಿರಾಜ್, ಪುರುಷ, ನಲವತ್ತಾರು.
ವಯಸ್ಸೊಂದು ಸರಿ.
ತಿದ್ದಿಸಲು ಮೂರು ತಿಂಗಳು ಹಿಡಿಯಿತು;
ಅಷ್ಟರಲ್ಲಿ ಉಂಗುರ ಕಳಚಲಾಗದೆ
ಪಾಂಡುರಂಗವಾಡಿಯ ಅಕ್ಕಸಾಲಿ
ಅದನ್ನು ಕತ್ತರಿಸಿ ತೆಗೆದು
ತೂಕ ಮಾಡಿ ಗುಲಾಬಿ ಕಾಗದದಲ್ಲಿ ಕಟ್ಟಿಕೊಟ್ಟ.

ಪಟ್ಟಿಯಲ್ಲಿ ಡಾಕ್ಟರರು ಒಂಬತ್ತು.
ಒಬ್ಬರ ದವಾಖಾನೆ ಈಗ ಮೊಬೈಲ್ ಕವರಿನ ಅಂಗಡಿ.
ಒಬ್ಬರು ಹೆರಿಗೆಯವರು; ಪಾಪ, ಕೂರಿಸಿ ನೀರು ಕೊಟ್ಟರು.
ಕಲ್ಯಾಣದವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
ಅದರೊಡನೆಯೇ ಮಾತಾಡಿ
ಅದಕ್ಕೇ ಮಾತ್ರೆ ಬರೆದರು.
ಮುಲುಂಡಿನವರು ನಕ್ಕು, "ಅಡ್ಮಿಟ್ ಆಗಿಬಿಡಿ,
ಎರಡೇ ರಾತ್ರಿ, ಎಲ್ಲ ಕಾರ್ಡಿನ ಮೇಲೆ ಹೋಗುತ್ತದೆ" ಎಂದರು.
ಆಸೆಯಾಯಿತು, ಸುಳ್ಳು ಯಾಕೆ.
ಎರಡು ರಾತ್ರಿ ಬಿಳಿ ಹಾಸಿಗೆ,
ಬೇರೆ ಯಾರೋ ಮಾಡಿ ತರುವ ಚಹಾ.
ಆದರೆ ಮೂರನೆಯ ಬೆಳಿಗ್ಗೆ
ಇದು ಮತ್ತೆ ಎಂಟು ಹನ್ನೆರಡು ಹಿಡಿಯದೆ ಬಿಟ್ಟೀತೆ?
ಉಳಿದವರು ಈಗ ಕಲಸಿಹೋಗಿದ್ದಾರೆ.
ಯಾರದೋ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೊಣಕಾಲು.
ಯಾರೋ, "ಈ ವಯಸ್ಸಿನ ಹೆಂಗಸರಿಗೆ ಹೀಗೆಲ್ಲ" ಎಂದು ಗಂಟೆ ಒತ್ತಿದರು.

ಪಟ್ಟಿಯಲ್ಲಿಲ್ಲದ ಹೆಸರು ಸಿಕ್ಕಿದ್ದು ಸಂಜೆಯ ಲೋಕಲಿನಲ್ಲಿ.
ಅಂಬರನಾಥದ ರೋಹಿಣಿ ಗಾವಂಡೆ
ನಾಳಿನ ಪಲ್ಯಕ್ಕೆ ಬಟಾಣಿ ಸುಲಿಯುತ್ತ
ನನ್ನ ಮಡಿಲಿಗೂ ಒಂದು ಹಿಡಿ ಸುರಿದಳು.
ಮುಂಬ್ರಾ ಬಂತು, ದಿವಾ ಬಂತು,
ನನ್ನವು ಒಂದೂ ಒಡೆದಿರಲಿಲ್ಲ.
ಏನೂ ಕೇಳದೆ ಅವನ್ನು ವಾಪಸು ಎತ್ತಿಕೊಂಡು
ಕಿರಾಣಿ ಚೀಟಿಯ ಬೆನ್ನಿಗೆ ನಂಬರು ಬರೆದಳು.

ದಾದರಿನ ಡಾಕ್ಟರ್ ಪೆರಿನ್ ಸಿಧ್ವಾ.
ಫೀಸು ಸಾವಿರದ ಎಂಟುನೂರು, ನಗದು.
ಕೈಯನ್ನು ತಮ್ಮ ಅಂಗೈಯಲ್ಲಿಟ್ಟು ಒಂದೊಂದೇ ಗಂಟು ಒತ್ತಿದರು;
ಅಕ್ಕಸಾಲಿಯ ನಂತರ
ಈ ಕೈಯನ್ನು ಮುಟ್ಟಿದ್ದು ಅವರೊಬ್ಬರೇ.
"ಇದು ಮೊದಲು ಒಲ್ಲೆ ಎಂದ ಕೆಲಸ ಯಾವುದು?"
ಬಂಗುಡೆಯ ಕಿವಿರು ಕೀಳುವುದು, ಅಂದೆ.
ಬೆರಳು ಒಳಗೆ ಹೋಗಿ ಕೊಕ್ಕೆಯಾಗಬೇಕು,
ಆಗುವುದಿಲ್ಲ.
ಅವರು ನಗಲಿಲ್ಲ. ಬರೆದುಕೊಂಡರು:
ಬಂಗುಡಾ, ಎರಡು ವರ್ಷದಿಂದ.

ಈಗ ಭಾನುವಾರ ರಾತ್ರಿ ಹಳದಿ ಗುಳಿಗೆ,
ಸೋಮವಾರವಿಡೀ ಹೊಟ್ಟೆ ತೊಳಸು.
ರಕ್ತ ಪರೀಕ್ಷೆಗೆ ಮುನಿಸಿಪಾಲಿಟಿ ಆಸ್ಪತ್ರೆ,
ಆರಕ್ಕೇ ಸಾಲು, ಆ ಉಪಾಯವೂ ಅವರದೇ.
ಎರಡು ತಿಂಗಳಿಗೊಮ್ಮೆ ಬಾ ಎಂದರು.
ನಾಲ್ಕು, ಅಂದೆ.
ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ನಿಂತವರ ಹಾಗೆ
ಒಬ್ಬರ ಮುಖ ಒಬ್ಬರು ನೋಡಿ
ಮೂರಕ್ಕೆ ಇಳಿದೆವು.

ಆದರೂ ನಿನ್ನೆ ಕ್ಲೇಮಿನ ಅರ್ಜಿ ತುಂಬಿದೆ.
ಬರುವುದಿಲ್ಲ, ಗೊತ್ತು. ಆಫೀಸಿನ ಹುಡುಗ ಒತ್ತಾಯ ಮಾಡಿದ.
ಆಸ್ಪತ್ರೆಯಲ್ಲಿದ್ದ ದಿನಗಳು ಎಷ್ಟು,
ಎನ್ನುವ ಚೌಕದ ಮುಂದೆ ಪೆನ್ನು ನಿಂತಿತು.
ಇಷ್ಟು ದಿನ ಅಲ್ಲೊಂದು ಗೀಟು ಎಳೆಯುತ್ತಿದ್ದೆ;
ಗೀಟಿಗೆ ಬೆರಳು ಬಗ್ಗಬೇಕಿಲ್ಲ.
ಸೊನ್ನೆಗೆ ಬಗ್ಗಬೇಕು.

ಬಗ್ಗಿತು,
ಕೆಳಗಡೆ ಸ್ವಲ್ಪ ಸೊಟ್ಟ.